ಮಿಲ್ಲಿಂಗ್ ಮಷಿನ್‌ಗೆ ಸ್ಟೆಪ್ಪರ್ ಮೋಟರ್ ಹಾಕಿದ ಮೇಲೂ ಡಿಆರ್‌ಒ (ಟೇಬಲ್ ಇರುವ ಸ್ಥಾನವನ್ನು ಅಂಕಿಯಲ್ಲಿ ತೋರಿಸುವ ಉಪಕರಣ) ಬೇಕೇ?

ಕೈಯಿಂದಲೂ ಕೆಲಸ ಮಾಡುವುದಿದ್ದರೆ ಖಂಡಿತ ಬೇಕು, ಅದನ್ನೇ ಮೊದಲು ಹಾಕಿ. ಸ್ಟೆಪ್ಪರ್ ಎಂದರೆ ಪ್ರತಿ ವಿದ್ಯುತ್ ಪಲ್ಸ್‌ಗೂ ಒಂದೊಂದು ಚಿಕ್ಕ ಹೆಜ್ಜೆ ತಿರುಗುವ ಮೋಟರ್. ಸಾಮಾನ್ಯ ಸ್ಟೆಪ್ಪರ್‌ನ ಕಂಟ್ರೋಲರ್ ತಾನು ಕಳಿಸಿದ ಪಲ್ಸ್‌ಗಳನ್ನಷ್ಟೇ ಎಣಿಸುತ್ತದೆ. ಟೇಬಲ್ ನಿಜಕ್ಕೂ ಸರಿಯಿತೇ ಎಂಬುದು ಅದಕ್ಕೆ ತಿಳಿಯದು. ಡಿಆರ್‌ಒ ಸ್ಕೇಲ್ ಟೇಬಲ್ಲನ್ನೇ ನೇರವಾಗಿ ಅಳೆಯುವುದರಿಂದ ಸ್ಕ್ರೂವಿನ ಬ್ಯಾಕ್‌ಲ್ಯಾಶ್ (ಸ್ಕ್ರೂ ಮತ್ತು ನಟ್ ನಡುವಿನ ಸಡಿಲ) ಅದರ ಓದಿಗೆ ತಟ್ಟುವುದಿಲ್ಲ.

ಸ್ಕೇಲ್ ಕೂರಿಸುವಾಗ ಡಯಲ್ ಇಂಡಿಕೇಟರ್ ಹಿಡಿದು ಉದ್ದಕ್ಕೂ 0.1 ಮಿ.ಮೀ. ಒಳಗೆ ಸಮಾನಾಂತರ ಮಾಡಿ. ಸ್ಕೇಲ್‌ನ ಸೀಳು ಕೆಳಮುಖವಾಗಿರಲಿ, ಇಲ್ಲವಾದರೆ ಲೋಹದ ಚೂರು, ಕೂಲಂಟ್ ಒಳಸೇರಿ ಅಳತೆಯ ಗಾಜಿನ ಪಟ್ಟಿ ಹಾಳಾಗುತ್ತದೆ.

ಮೋಟರ್ ವಿಷಯದಲ್ಲಿ ಹೆಚ್ಚಿನವರು ಎಡವುವುದು ಟೇಬಲ್ ಸರಿಸುವ, ನಟ್‌ನೊಳಗೆ ಉಜ್ಜಿಕೊಂಡು ತಿರುಗುವ ಹಳೆಯ ಟ್ರೆಪಿಜಾಯ್ಡಲ್ ಸ್ಕ್ರೂವನ್ನೇ ಉಳಿಸಿಕೊಂಡು. ನಟ್ ಸಡಿಲವಿದ್ದರೆ ಪ್ರತಿ ಸಲ ದಿಕ್ಕು ಬದಲಾದಾಗ ಅಷ್ಟು ಚಲನೆ ಕಳೆದುಹೋಗುತ್ತದೆ: ವೃತ್ತ ಕೊರೆದರೆ ನಾಲ್ಕು ಕಡೆ ಮೆಟ್ಟಿಲು ಕಾಣುತ್ತದೆ. ಕ್ಲೈಂಬ್ ಮಿಲ್ಲಿಂಗ್‌ನಲ್ಲಂತೂ (ಟೇಬಲ್ ಸರಿಯುವ ದಿಕ್ಕಿಗೇ ಕಟರ್‌ನ ಹಲ್ಲು ಕತ್ತರಿಸುವ ವಿಧಾನ) ಕಟರ್ ಟೇಬಲ್ಲನ್ನು ತನ್ನತ್ತ ಎಳೆದುಕೊಂಡು ತಾನೇ ಮುರಿಯಬಹುದು. ಬ್ಯಾಕ್‌ಲ್ಯಾಶನ್ನು ಲೆಕ್ಕದಲ್ಲಿ ಸರಿದೂಗಿಸುವ ಸಾಫ್ಟ್‌ವೇರ್ ಪರಿಹಾರ ಈ ಎಳೆತವನ್ನು ತಡೆಯದು. ಬಾಲ್ ಸ್ಕ್ರೂ (ನಟ್‌ನೊಳಗೆ ಗುಂಡುಗಳ ಮೇಲೆ ಉರುಳುವ ಸ್ಕ್ರೂ) ಹಾಕಿ, ಎರಡೂ ತುದಿಯ ಬದಲು ಒಂದೇ ತುದಿಯಲ್ಲಿ ಸ್ಕ್ರೂವಿನ ಉದ್ದದ ದಿಕ್ಕಿನ ಒತ್ತಡವನ್ನೂ ತಡೆಯುವ ಜೋಡಿ ಆಂಗ್ಯುಲರ್ ಕಾಂಟ್ಯಾಕ್ಟ್ ಬೇರಿಂಗ್ ಕೊಡಿ. ಇನ್ನೊಂದು ತುದಿ ಉದ್ದಕ್ಕೆ ಸರಿಯಲು ಬಿಡುವಿರಲಿ.

ಲೆಕ್ಕ ಸುಲಭ: ಸುತ್ತಿಗೆ 200 ಸ್ಟೆಪ್, 8 ಮೈಕ್ರೋಸ್ಟೆಪ್ (ಒಂದು ಸ್ಟೆಪ್‌ನ 8 ಭಾಗ), 5 ಮಿ.ಮೀ. ಲೀಡ್‌ನ (ಒಂದು ಸುತ್ತಿಗೆ ಸರಿಯುವ ದೂರ) ಸ್ಕ್ರೂ ಎಂದರೆ ಮಿಲಿಮೀಟರಿಗೆ 320 ಪಲ್ಸ್. ಟೇಬಲ್ಲನ್ನು ಸ್ವಲ್ಪ ಮುಂದೆ ಸರಿಸಿ ಸಡಿಲ ತೆಗೆದು ಡಿಆರ್‌ಒ ಸೊನ್ನೆ ಮಾಡಿ, ಆಮೇಲೆ ಕಂಟ್ರೋಲರ್‌ಗೆ 10 ಮಿ.ಮೀ. ಮುಂದೆ ಹೋಗಿ ಹಿಂದೆ ಬರಲು ಹೇಳಿ. ಡಿಆರ್‌ಒ ಸೊನ್ನೆಗೆ ಮರಳದಿದ್ದರೆ ಆ ವ್ಯತ್ಯಾಸ ಬ್ಯಾಕ್‌ಲ್ಯಾಶ್. ಹಲವು ಸಲ ಓಡಿಸಿದಾಗ ತಪ್ಪು ಬೆಳೆಯುತ್ತಲೇ ಹೋದರೆ ಸ್ಟೆಪ್ ತಪ್ಪುತ್ತಿದೆ ಅಥವಾ ಮೋಟರನ್ನು ಸ್ಕ್ರೂವಿಗೆ ಜೋಡಿಸುವ ಕಪ್ಲಿಂಗ್ ಜಾರುತ್ತಿದೆ. ವೇಗವರ್ಧನೆ ತಗ್ಗಿಸಿ, ಕಪ್ಲಿಂಗ್‌ನ ಸ್ಕ್ರೂ ಬಿಗಿಮಾಡಿ ನೋಡಿ.

ವಿದ್ಯುತ್ ಇರುವಾಗ ಮೋಟರ್ ವೈರ್ ಕೀಳಬೇಡಿ, ಮೋಟರ್‌ಗೆ ವಿದ್ಯುತ್ ಕೊಡುವ ಡ್ರೈವರ್ ಸುಟ್ಟುಹೋಗಬಹುದು.