ಹೊಸ ಟ್ಯಾಂಕಿನ ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ಬಡಿಯುತ್ತಿವೆ, ಉಳಿಸಿಕೊಳ್ಳುವುದು ಹೇಗೆ?

ನೀವು ಹೇಳಿದ್ದು ಇಷ್ಟು: ಎರಡಡಿ ಟ್ಯಾಂಕು ಇಟ್ಟು 15 ದಿನವಾಗಿದೆ, ನಾಲ್ಕು ಗೋಲ್ಡ್ ಫಿಶ್ ಇವೆ. ಮೂರು ದಿನದಿಂದ ಮೇಲೆ ಬಂದು ಬಾಯಿ ಬಡಿಯುತ್ತಿವೆ, ಒಂದರ ಬಾಲದ ಅಂಚು ಕೆಂಪಾಗಿದೆ. ನೀರು ಕನ್ನಡಿಯ ಹಾಗಿದೆ, ಅಂಗಡಿಯವರು ಕೊಟ್ಟ ನೀಲಿ ಔಷಧಿಯಿಂದ ಗುಣ ಕಾಣುತ್ತಿಲ್ಲ.

ಮೊದಲು ಆ ಔಷಧಿ ನಿಲ್ಲಿಸಿ. ಈ ಲಕ್ಷಣಗಳನ್ನು ನೋಡಿದರೆ ಇದು ಅಮೋನಿಯಾ, ಅಂದರೆ ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ, ಎಂದೇ ನನಗನ್ನಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ಹಾಗಾಗಿ ನೀರು ತಿಳಿಯಾಗಿದ್ದರೂ ಮೀನಿನ ಕಿವಿರು ಸುಡುತ್ತಿರುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ಅಷ್ಟಾಗಿ ಹಾನಿ ಮಾಡದ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ಫಿಲ್ಟರ್ ಸ್ಪಂಜಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನೀಲಿ ಔಷಧಿ ಅವುಗಳಿಗೇ ಪೆಟ್ಟು ಕೊಡುತ್ತದೆ. ಬೋರ್‌ವೆಲ್ ನೀರಾದರೆ ಇನ್ನೂ ಜೋಪಾನ, ಅದರ ಪಿಎಚ್ (ನೀರು ಆಮ್ಲವೋ ಕ್ಷಾರವೋ ಎಂದು ಹೇಳುವ ಅಳತೆ) ಹೆಚ್ಚಿರಬಹುದು: 25 ಡಿಗ್ರಿಯಲ್ಲಿ, ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ಭಾಗ ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ. 5 ದಾಟುತ್ತದೆ.

ಇವತ್ತೇ ಅರ್ಧ ನೀರು ಬದಲಿಸಿ. 24×12×12 ಇಂಚಿನ ಟ್ಯಾಂಕಿನಲ್ಲಿ ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಸುಮಾರು 45 ಲೀಟರ್ ನೀರಿರುತ್ತದೆ, ಅಂದರೆ ಎರಡು ಬಕೆಟ್ ತೆಗೆದರೆ ಸಾಕು. ಪೈಪನ್ನು ಕಲ್ಲಿನ ಸಂದಿಗೆ ಹಿಡಿದು ಕೊಳೆ ಸಮೇತ ಎಳೆಯಿರಿ. ಎಲ್ಲ ನೀರು ಚೆಲ್ಲಿ, ಕಲ್ಲು ಉಜ್ಜಿ, ಸ್ಪಂಜನ್ನು ನಲ್ಲಿ ಕೆಳಗೆ ಹಿಂಡಿ ತೊಳೆಯುವವರೇ ಹೆಚ್ಚು. ಅಲ್ಲಿಗೆ ಬೆಳೆದಿದ್ದ ಅಷ್ಟಿಷ್ಟು ಬ್ಯಾಕ್ಟೀರಿಯಾವೂ ಹೋಗಿ, ಲೆಕ್ಕ ಮತ್ತೆ ಮೊದಲನೇ ದಿನಕ್ಕೆ ಬರುತ್ತದೆ. ಸ್ಪಂಜು ಕಟ್ಟಿಕೊಂಡಿದ್ದರೆ ಟ್ಯಾಂಕಿನಿಂದ ತೆಗೆದ ನೀರಲ್ಲೇ ಒಂದೆರಡು ಸಲ ಅದ್ದಿ.

ಕಾರ್ಪೊರೇಷನ್ ನೀರಿನ ಕ್ಲೋರಿನ್ ತೆಗೆಯಲು ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹರಳು ಸಾಕು. 10 ಗ್ರಾಂ ಹರಳು ಕರಗಿಸಿ ಒಟ್ಟು 100 ಮಿ.ಲೀ. ಮಾಡಿಟ್ಟುಕೊಳ್ಳಿ, 10 ಲೀಟರ್ ಬಕೆಟ್ಟಿಗೆ 2 ಮಿ.ಲೀ. ಹಾಕಿ ಕಲಕಿ. ನೀರಿನ ಬಿಸಿಯೂ ಹೊಂದಬೇಕು. ಬೇಸಿಗೆ ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರನ್ನು ನೇರ ಸುರಿದರೆ ಅದೇ ಇನ್ನೊಂದು ಆಘಾತ. ಬೆಳಿಗ್ಗೆಯೇ ಹಿಡಿದಿಟ್ಟು ಸಂಜೆ ಹಾಕಿ.

ಆಮೇಲೆ ಉಪ್ಪು: ಲೀಟರಿಗೆ 1 ಗ್ರಾಂ, ನಿಮಗೆ 45 ಗ್ರಾಂ ಕಲ್ಲುಪ್ಪು. ಮಗ್ಗಿನಲ್ಲಿ ಪೂರ್ತಿ ಕರಗಿಸಿ, ಗಂಟೆಗೊಂದರಂತೆ ಮೂರು ಕಂತಿನಲ್ಲಿ ಹಾಕಿ. ಅಮೋನಿಯಾ ಇಳಿಯುತ್ತಿದ್ದಂತೆ ನೈಟ್ರೈಟ್ ಏರುತ್ತದೆ, ಅದು ರಕ್ತಕ್ಕೆ ಸೇರಿ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ, ಕಿವಿರು ಕಂದಾಗುತ್ತದೆ. ಉಪ್ಪಿನ ಕ್ಲೋರೈಡ್ ಕಿವಿರಿನ ಬಾಗಿಲಲ್ಲೇ ನೈಟ್ರೈಟನ್ನು ತಡೆಯುತ್ತದೆ. ಉಪ್ಪು ಆವಿಯಾಗುವುದಿಲ್ಲ, ಆದ್ದರಿಂದ ಆಮೇಲೆ ತೆಗೆದ ನೀರಿನ ಲೆಕ್ಕಕ್ಕೆ ಮಾತ್ರ ಹಾಕಿ. ಜೀವಂತ ಗಿಡಗಳಿದ್ದರೆ ಕೆಲವು ಬಾಡಬಹುದು.

ಮೂರು ದಿನ ಆಹಾರ ಬೇಡ. ಗೋಲ್ಡ್ ಫಿಶ್‌ಗೆ ಒಂದು ವಾರದ ಉಪವಾಸವೂ ಭಾರವಲ್ಲ, ನೋಡುವವರ ಕರುಳೇ ಚುರುಕ್ ಅನ್ನುವುದು. ಏರ್ ಪಂಪ್ ಹಗಲೂ ರಾತ್ರಿ ಓಡಲಿ. ಕರೆಂಟು ಹೋಗುವ ಊರಾದರೆ ಬ್ಯಾಟರಿ ಪಂಪ್ ಒಂದಿರಲಿ.

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಅಲ್ಲೇ ನಿಲ್ಲುವ ತನಕ ದಿನಾ ಒಂದು ಬಕೆಟ್ ಬದಲಿಸಿ. ಪರಿಚಯದವರ ಹಳೇ, ಆರೋಗ್ಯವಾದ ಟ್ಯಾಂಕಿನ ಸ್ಪಂಜಿನ ತುಂಡು ಸಿಕ್ಕರೆ ಒದ್ದೆಯಾಗಿಯೇ ತಂದು ನಿಮ್ಮ ಫಿಲ್ಟರಿಗೆ ಸೇರಿಸಿ. ಹಾಲಿಗೆ ಹೆಪ್ಪು ಹಾಕಿದ ಹಾಗೆ, ವಾರಗಳ ಕೆಲಸ ದಿನಗಳಲ್ಲಿ ಮುಗಿಯುತ್ತದೆ.

ಒಂದೆರಡು ದಿನದಲ್ಲಿ ಉಸಿರಾಟ ನಿಧಾನವಾಗಬೇಕು. ಆಮೇಲೆ ಮೈಮೇಲೆ, ರೆಕ್ಕೆಯ ಅಂಚಿನಲ್ಲಿ ಕಾಡಿಗೆ ಸವರಿದಂಥ ಕಪ್ಪು ಕಂಡರೆ ಗಾಬರಿ ಬೇಡ, ಅದು ಸುಟ್ಟ ಜಾಗ ಮಾಯುತ್ತಿರುವ ಗುರುತು, ಕೆಲವು ವಾರಗಳಲ್ಲಿ ಹೋಗುತ್ತದೆ. ರವೆ ಉದುರಿಸಿದಂತೆ ಬಿಳಿ ಚುಕ್ಕೆ ಬಂದರೆ ಮಾತ್ರ ಅದು ಪರೋಪಜೀವಿ, ಅದರ ಚಿಕಿತ್ಸೆಯೇ ಬೇರೆ.

ಇನ್ನೊಂದು ಮಾತು, ನಿಮಗೆ ಇಷ್ಟವಾಗಲಿಕ್ಕಿಲ್ಲ: 45 ಲೀಟರಿಗೆ ನಾಲ್ಕು ಗೋಲ್ಡ್ ಫಿಶ್ ಬಹಳವೇ ಹೆಚ್ಚು. ಚೇತರಿಸಿಕೊಂಡ ಮೇಲೆ ಎರಡನ್ನಾದರೂ ದೊಡ್ಡ ಟ್ಯಾಂಕ್ ಇರುವವರಿಗೆ ಕೊಡಿ, ಉಳಿದೆರಡಕ್ಕೂ ಬೆಳೆದಂತೆ ದೊಡ್ಡದು ಬೇಕಾಗುತ್ತದೆ.