‘ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್: ದಿ ಬಿಗಿನಿಂಗ್’ ಚಿತ್ರವನ್ನು ವಿಮರ್ಶಕರು ಬೈದದ್ದು ರಕ್ತಪಾತಕ್ಕಾ?

2006ರ ಈ ಹಾರರ್ ಪ್ರೀಕ್ವೆಲ್, ಅಂದರೆ ಹಿಂದಿನ ಚಿತ್ರಕ್ಕೂ ಮೊದಲು ನಡೆಯುವ ಕಥೆ, ನಿಮಗೆ ಇಷ್ಟವಾಗಿದೆ. ಆಮೇಲೆ ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ವೆಬ್‌ಸೈಟಿನಲ್ಲಿ ಸುಮಾರು 14 ಪರ್ಸೆಂಟ್ ಅಂತ ನೋಡಿ ಬೇಜಾರಾಗಿದೆ. ವಿಮರ್ಶಕರಿಗೆ ರಕ್ತ ಕಂಡರೆ ಆಗಲ್ವಾ ಅಂತ ಕೇಳಿದ್ದೀರಿ. ಅನ್‌ರೇಟೆಡ್ (ರೇಟಿಂಗ್‌ಗೆಂದು ಕತ್ತರಿ ಹಾಕದ) ಆವೃತ್ತಿ ಹುಡುಕಿ ನೋಡಬೇಕಾ ಅನ್ನುವುದು ನಿಮ್ಮ ಇನ್ನೊಂದು ಪ್ರಶ್ನೆ.

ಮೊದಲು ಆ 14ರ ವಿಷಯ. ಅದು ಪರೀಕ್ಷೆಯ ಅಂಕ ಅಲ್ಲ. 100 ವಿಮರ್ಶಕರಲ್ಲಿ ಎಷ್ಟು ಜನ ‘ಪರವಾಗಿಲ್ಲ, ನೋಡಬಹುದು’ ಅಂದರು ಅನ್ನುವ ಲೆಕ್ಕ ಅಷ್ಟೇ. ಇದರ ಹಿಂದೆ ಬಂದ, 1974ರ ಮೂಲ ಚಿತ್ರದ 2003ರ ರೀಮೇಕ್‌ಗೂ 40 ಸಿಕ್ಕಿರಲಿಲ್ಲ. ಹಾಗಾಗಿ ಇವರು ತಲೆ ಮೇಲೆ ಹೊತ್ತಿದ್ದ ಸರಣಿಯೊಂದು ಇದ್ದಕ್ಕಿದ್ದಂತೆ ಕೆಳಗೆ ಬಿತ್ತು ಅಂತ ತಿಳಿಯಬೇಡಿ. ದುಡ್ಡು ಹಾಕಿದವರಿಗೂ ನಷ್ಟವಾಗಲಿಲ್ಲ. ಖರ್ಚು ಸುಮಾರು 1.6 ಕೋಟಿ ಡಾಲರ್, ಜಗತ್ತಿನಾದ್ಯಂತ ಬಂದದ್ದು 5 ಕೋಟಿಗೂ ಜಾಸ್ತಿ. ಅದೂ ದೊಡ್ಡ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯ ‘ದಿ ಡಿಪಾರ್ಟೆಡ್’ ಬಿಡುಗಡೆಯಾದ ಶುಕ್ರವಾರವೇ ತೆರೆಗೆ ಬಂದು.

ರಕ್ತದ ಬಗ್ಗೆ ನಿಮ್ಮ ಅನುಮಾನದಲ್ಲಿ ಸ್ವಲ್ಪ ನಿಜ ಇದೆ. 2004ರಲ್ಲಿ ‘ಸಾ’ ಬಂದಿತ್ತು. 2006ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಿಗೆ ‘ಹಾಸ್ಟೆಲ್’ ಬಂತು. ಅದೇ ಸಮಯಕ್ಕೆ ‘ನ್ಯೂಯಾರ್ಕ್’ ಪತ್ರಿಕೆಯ ವಿಮರ್ಶಕ ಡೇವಿಡ್ ಎಡೆಲ್‌ಸ್ಟೈನ್, ಹಿಂಸೆ ಕೊಡುವುದನ್ನೇ ಬಿಡಿಸಿ ತೋರಿಸುವ ಇಂಥ ಚಿತ್ರಗಳಿಗೆ ‘ಟಾರ್ಚರ್ ಪೋರ್ನ್’ ಅಂತ ಹೆಸರಿಟ್ಟ. ಹೆಸರು ಅಂಟಿಕೊಂಡಿತು. ಅಕ್ಟೋಬರ್‌ನಲ್ಲಿ ‘ದಿ ಬಿಗಿನಿಂಗ್’ ಬರುವಷ್ಟರಲ್ಲಿ ಕಟ್ಟಿಹಾಕಿ ಕೊಯ್ಯುವ ದೃಶ್ಯ ಅಂದರೆ ಬಹಳ ವಿಮರ್ಶಕರಿಗೆ ಸಾಕುಸಾಕಾಗಿತ್ತು. ಆ ಸಿಟ್ಟಿನ ಪಾಲು ಇದಕ್ಕೂ ಬಿತ್ತು.

ಆದರೆ ಅಷ್ಟರಿಂದಲೇ 14 ಆಗಲ್ಲ. ಚಿತ್ರದ ಕಥೆಯನ್ನೇ ನೋಡಿ. 2003ರ ರೀಮೇಕ್ ನಡೆಯುವುದು 1973ರಲ್ಲಿ, ಇದು 1969ರಲ್ಲಿ. ಗರಗಸ ಹಿಡಿದು ಕೊಲ್ಲುವ ಲೆದರ್‌ಫೇಸ್, ಶೆರಿಫ್ ಹೋಯ್ಟ್, ಕಾಲಿಲ್ಲದ ಮುದುಕ ಮಾಂಟಿ, ಲೂಡಾ ಮೇ, ಈ ಕೊಲೆಗಾರ ಮನೆಯವರೆಲ್ಲ ಇನ್ನೂ 4 ವರ್ಷ ಬದುಕಿರಲೇಬೇಕು. ಅಂದಮೇಲೆ ಅವರ ಕೈಗೆ ಸಿಕ್ಕಿಬೀಳುವ ನಾಲ್ವರು ಹುಡುಗ ಹುಡುಗಿಯರ ಗತಿ ಏನು ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತು. ಕುತೂಹಲಕ್ಕೆ ಉಳಿದದ್ದು ಇಷ್ಟೇ: ಗರಗಸ ಎಲ್ಲಿಂದ ಬಂತು, ಮಾಂಟಿಯ ಕಾಲು ಹೇಗೆ ಹೋಯಿತು, ಹೋಯ್ಟ್‌ಗೆ ಯೂನಿಫಾರ್ಮ್ ಯಾರು ಕೊಟ್ಟರು, ಅವನ ಹಲ್ಲು ಹೇಗೆ ಬಿತ್ತು. ರೇಷನ್ ಕಾರ್ಡಿನ ಅರ್ಜಿ ತುಂಬಿದ ಹಾಗೆ ಒಂದೊಂದೇ ಖಾನೆ ತುಂಬುತ್ತಾ ಹೋಗುತ್ತಾರೆ. ಇದನ್ನೆಲ್ಲ ಕೇಳಿದ್ದವರು ಯಾರು? 2003ರಲ್ಲಿ ಗಾಲಿಕುರ್ಚಿಯ ಮಾಂಟಿಯನ್ನು ಕಂಡಾಗ ಕಾರಣ ಗೊತ್ತಿಲ್ಲದೆ ಇದ್ದದ್ದರಿಂದಲೇ ಮೈ ಜುಮ್ಮೆಂದಿತ್ತು.

ನಮ್ಮ ‘ಕಾಂತಾರ ಚಾಪ್ಟರ್ 1’ ಕೂಡ ಪ್ರೀಕ್ವೆಲ್ಲೇ. ಅದು ನೂರಾರು ವರ್ಷ ಹಿಂದಕ್ಕೆ ಹೋಯಿತು. ಜನ ಬೇರೆ, ಕಾಲ ಬೇರೆ. ಯಾರು ಉಳಿಯಲೇಬೇಕು ಅನ್ನುವ ಕಟ್ಟು ಅದಕ್ಕಿರಲಿಲ್ಲ. ಬರೀ 4 ವರ್ಷ ಹಿಂದಕ್ಕೆ ಹೋದವರ ಕಷ್ಟವೇ ಬೇರೆ.

ನನಗೆ ಈ ಚಿತ್ರದಲ್ಲಿ ನಿಜವಾಗಿ ಹೊಟ್ಟೆ ಉರಿದದ್ದು ಇನ್ನೊಂದು ವಿಷಯಕ್ಕೆ. ನಾನು ಬೆಳೆದದ್ದು ಮುಂಬೈನ ಪರೇಲ್‌ನಲ್ಲಿ. ಅಪ್ಪ ಕುಂದಾಪುರದ ಕಡೆಯವರು, ಬಟ್ಟೆ ಮಿಲ್ಲಿನ ಎದುರಿನ ಒಂದು ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದರು. 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮಿಲ್ ಮುಷ್ಕರ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಗೆ ಬಂದರು. ಆಮೇಲೆ ಎಷ್ಟೋ ಮಿಲ್ಲುಗಳು ಮತ್ತೆ ಮೊದಲಿನ ಹಾಗೆ ಓಡಲೇ ಇಲ್ಲ. ಶಿಫ್ಟ್ ಮುಗಿಸಿ ಚಹಾಕ್ಕೆ ಬರುವವರು ನಿಂತರೆ ಎದುರಿನ ಹೋಟೆಲಿಗೆ ಏನು ಉಳಿಯುತ್ತದೆ? ಉದ್ರಿ ಪುಸ್ತಕ ಮಾತ್ರ. ಈಗ ಅಲ್ಲೆಲ್ಲ ಗಾಜಿನ ಟವರು, ಮಾಲ್. ಕೆಲಸ ಹೋದ ಗಂಡಸರು ಚಾಳಿನ ಕಟ್ಟೆಯ ಮೇಲೆ ಸುಮ್ನೆ ಕೂತಿರುತ್ತಿದ್ದದ್ದನ್ನು ನೋಡಿ ಬೆಳೆದವನು ನಾನು.

‘ದಿ ಬಿಗಿನಿಂಗ್’ನಲ್ಲಿ ಶುರುವಿನಲ್ಲೇ ಊರಿನ ಕಸಾಯಿಖಾನೆ ಮುಚ್ಚುತ್ತದೆ. ಅಲ್ಲೇ ಹುಟ್ಟಿ, ಅಲ್ಲೇ ಕೆಲಸ ಮಾಡಿದ ಥಾಮಸ್‌ಗೆ (ಇವನೇ ಮುಂದೆ ಲೆದರ್‌ಫೇಸ್) ಇನ್ನು ಮನೆಗೆ ಹೋಗು ಅನ್ನುತ್ತಾರೆ. ಊರು ಖಾಲಿಯಾಗುತ್ತಿದೆ. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇನ್ನೇನು ಕಥೆ ಸಿಕ್ಕಿತು ಅಂದುಕೊಳ್ಳುವಷ್ಟರಲ್ಲಿ ಅವನು ಸುತ್ತಿಗೆ ಎತ್ತಿ ಮೇಲಿನವನನ್ನು ಕೊಂದು, ಗರಗಸ ಹಿಡಿದು ಹೊರಟ. ಕೆಲಸ ಹೋದ ವಿಷಯ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಕೊಯ್ಯುವುದು.

ಟೋಬ್ ಹೂಪರ್ 1974ರಲ್ಲಿ ಮಾಡಿದ ಮೂಲ ಚಿತ್ರದಲ್ಲಿ ಇದೇ ಸಂಗತಿ ಎರಡು ಮಾತಿನಲ್ಲಿ ಬರುತ್ತದೆ. ವ್ಯಾನ್ ಹತ್ತಿದ ಆ ವಿಚಿತ್ರ ಹುಡುಗ ಹೇಳುತ್ತಾನೆ: ದನ ಕೊಲ್ಲಲು ಹಳೇ ಕಾಲದ ಸುತ್ತಿಗೆಯೇ ಒಳ್ಳೇದು, ಹೊಸ ಗನ್ ಬಂದು ಜನರ ಕೆಲಸ ಹೋಯಿತು ಅಂತ. ಮುಗಿಯಿತು. ಆ ಮನೆಯವರು ಯಾಕೆ ಹೀಗಾದರು ಅನ್ನುವುದು ನಮಗೆ ತಿಳಿದುಹೋಗುತ್ತದೆ, ಆದರೂ ಪೂರ್ತಿ ತಿಳಿಯುವುದಿಲ್ಲ. ಆ ಚಿತ್ರದಲ್ಲಿ ರಕ್ತ ಎಷ್ಟು ಕಡಿಮೆ ಅಂತ ಗಮನಿಸಿದ್ದೀರಾ? ಮಕ್ಕಳೂ ನೋಡಬಹುದಾದ ಪಿಜಿ ರೇಟಿಂಗ್ ಸಿಗಬಹುದು ಅಂತ ಹೂಪರ್ ಆಸೆ ಇಟ್ಟುಕೊಂಡಿದ್ದರು! ಸಿಕ್ಕಿದ್ದು ಆರ್, ಅಂದರೆ 17 ತುಂಬದವರು ದೊಡ್ಡವರ ಜೊತೆಗೇ ನೋಡಬೇಕಾದದ್ದು. ಬ್ರಿಟನ್ನಿನ ಸೆನ್ಸಾರ್ ಮಂಡಳಿ 1999ರವರೆಗೂ ಅದಕ್ಕೆ ಪ್ರಮಾಣಪತ್ರ ಕೊಡಲಿಲ್ಲ. ಇನ್ನೊಂದು ಕಡೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಅದನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. 2006ರ ಚಿತ್ರವನ್ನು ನೋಡುವವರ ತಲೆಯಲ್ಲಿ ಇದು ಇದ್ದೇ ಇರುತ್ತದೆ, ಅಲ್ವಾ?

ಹಾಗಂತ ಅದರಲ್ಲಿ ಏನೂ ಇಲ್ಲ ಅಂತಲ್ಲ. ಹೋಯ್ಟ್ ಪಾತ್ರದ ಆರ್. ಲೀ ಎರ್ಮಿ ಇಡೀ ಚಿತ್ರವನ್ನು ಹೊತ್ತು ನಡೆಯುತ್ತಾರೆ. ಅವರು ನಿಜಜೀವನದಲ್ಲೂ ಅಮೆರಿಕದ ಮರೈನ್ ಪಡೆಯಲ್ಲಿ ಡ್ರಿಲ್ ಕಲಿಸುತ್ತಿದ್ದವರು. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದೆ ಸೇನೆಯ ಕರೆ ಚೀಟಿ ಸುಟ್ಟ ಹುಡುಗನಿಗೆ ಅವರು ಪುಷ್ ಅಪ್ ಮಾಡಿಸುವ ದೃಶ್ಯ ಇದೆಯಲ್ಲ, ಅಲ್ಲಿ ರಕ್ತಕ್ಕಿಂತ ಅವರ ದನಿಗೇ ಹೆದರಿಕೆಯಾಗುತ್ತದೆ. ಅಣ್ಣ ಮತ್ತೆ ಯುದ್ಧಕ್ಕೆ ಹೊರಟವನು, ತಮ್ಮ ತಪ್ಪಿಸಿಕೊಳ್ಳಲು ನೋಡುವವನು. ಅದೂ ಒಳ್ಳೇ ಎಳೆಯೇ. ಅದನ್ನೂ ಅರ್ಧಕ್ಕೇ ಕೈಬಿಟ್ಟರು.

ರಕ್ತ ಸುರಿಸುವ ಪ್ರೀಕ್ವೆಲ್ ಅಂದರೇ ವಿಮರ್ಶಕರಿಗೆ ಅಲರ್ಜಿ ಅನ್ನಬೇಕೆಂದರೆ ‘ಪರ್ಲ್’ ಅಡ್ಡ ಬರುತ್ತದೆ. 2022ರಲ್ಲಿ ಟೈ ವೆಸ್ಟ್ ‘ಎಕ್ಸ್’ ಬಿಡುಗಡೆಯಾದ ಕೆಲವೇ ತಿಂಗಳಲ್ಲಿ ತಂದ ಚಿತ್ರ. ಕೊಡಲಿ ಇದೆ, ಮೊಸಳೆ ಇದೆ, ರಕ್ತ ಬೇಕಾದಷ್ಟಿದೆ. ಇದು ‘ಎಕ್ಸ್’ನ ಪ್ರೀಕ್ವೆಲ್, ಅದರಲ್ಲಿ ಮುದುಕಿ ಪರ್ಲ್‌ಳನ್ನು ನೋಡಿಯಾಗಿದೆ; ಹಾಗಾಗಿ ಅವಳು ಅಲ್ಲಿಯವರೆಗೂ ಬದುಕುತ್ತಾಳೆ ಅನ್ನುವುದೂ ನಮಗೆ ಮೊದಲೇ ಗೊತ್ತು. ಆದರೂ ಅದರ ಅಂಕ 90 ದಾಟಿದೆ, ಸ್ಕಾರ್ಸೇಸಿಯೇ ಮೆಚ್ಚಿ ಮಾತಾಡಿದರು. ಯಾಕೆ ಅಂದರೆ ಕೊಡಲಿ ಎಲ್ಲಿಂದ ಬಂತು ಅನ್ನುವುದು ಅಲ್ಲಿ ಮುಖ್ಯ ಅಲ್ಲ. 1918ರ ಫ್ಲೂ ಕಾಲದಲ್ಲಿ ಹೊಲದ ಮನೆಯಲ್ಲಿ ಸಿಕ್ಕಿಬಿದ್ದ ಹುಡುಗಿ ಒಬ್ಬಳಿಗೆ ಸಿನಿಮಾ ನಟಿ ಆಗಬೇಕು. ಆ ಆಸೆ ಕೊಳೆಯುವುದನ್ನು ನೋಡುತ್ತಾ ಕೂರುತ್ತೇವೆ. ಪರ್ಲ್ ಪಾತ್ರದ ಮಿಯಾ ಗಾಥ್ ಒಂದೇ ಸಮನೆ ಮಾತಾಡುವ ಆ ಉದ್ದದ ದೃಶ್ಯದಲ್ಲಿ ಯಾರನ್ನೂ ಕೊಯ್ಯುವುದಿಲ್ಲ. ಹೊಟ್ಟೆಯೊಳಗೆ ಕೈ ಹಾಕಿದ ಹಾಗಾಗುತ್ತದೆ.

ಇನ್ನು ಅನ್‌ರೇಟೆಡ್ ಆವೃತ್ತಿ. ಅಮೆರಿಕದಲ್ಲಿ ಎನ್‌ಸಿ-17 (17 ಮತ್ತು ಅದಕ್ಕಿಂತ ಚಿಕ್ಕವರಿಗೆ ಪ್ರವೇಶವೇ ಇಲ್ಲ) ರೇಟಿಂಗ್ ಬಿದ್ದರೆ ಹೆಚ್ಚಿನ ಥಿಯೇಟರುಗಳಲ್ಲಿ ಜಾಗ ಸಿಗುವುದಿಲ್ಲ. ಅದನ್ನು ತಪ್ಪಿಸಲು ಹಲವು ದೃಶ್ಯಗಳಿಗೆ ಕತ್ತರಿ ಹಾಕಬೇಕಾಯಿತು. ಡಿವಿಡಿಯಲ್ಲಿ ಬಂದ ಅನ್‌ರೇಟೆಡ್‌ನಲ್ಲಿ ರಕ್ತ ಜಾಸ್ತಿ. ಚಿತ್ರ ನಿಮಗೆ ಈಗಾಗಲೇ ಇಷ್ಟವಾಗಿದ್ದರೆ, ಮೇಕಪ್ ಮತ್ತು ಎಫೆಕ್ಟ್ಸ್ ಕೆಲಸದಲ್ಲಿ ಆಸಕ್ತಿ ಇದ್ದರೆ, ಅದನ್ನೇ ನೋಡಿ. ಕಥೆಯಲ್ಲಿ ಇಲ್ಲದ್ದು ಅದರಲ್ಲೂ ಸಿಗುವುದಿಲ್ಲ. 2017ರಲ್ಲಿ ‘ಲೆದರ್‌ಫೇಸ್’ ಅಂತ ಇನ್ನೊಂದು ಪ್ರೀಕ್ವೆಲ್ ಬಂತು, ಅದು 1974ರ ಚಿತ್ರಕ್ಕೆ ಜೋಡಿಸಿದ್ದು. ಅದನ್ನು ಬಿಟ್ಟರೂ ನಡೆಯುತ್ತದೆ.