ವಾಟ್ಸಾಪ್‌ನಲ್ಲಿ ಒಪ್ಪಿದ ದರ ಕರಾರು ಆಗುತ್ತದೆಯೇ?

ಪ್ರಶ್ನೆ: ಕಲಬುರಗಿಯ ದಾಲ್ ಮಿಲ್‌ನಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ವಾಟ್ಸಾಪ್‌ನಲ್ಲಿ ದರ ಒಪ್ಪಿದ ವ್ಯಾಪಾರಿ, ತೊಗರಿ ತುಟ್ಟಿಯಾದ ಮೇಲೆ ಮಾಲು ಕೊಡಲ್ಲ ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಸ್ಟಾಂಪ್ ಪೇಪರ್ ಇಲ್ಲ ಅಂತ ಸುಮ್ನೆ ಬಿಡಬೇಡಿ. ಮಾಲು, ಪ್ರಮಾಣ, ದರ ಸ್ಪಷ್ಟವಿದ್ದು ಇಬ್ಬರೂ ಒಪ್ಪಿದ್ದರೆ ವಾಟ್ಸಾಪ್ ಮಾತೂ ಕರಾರೇ.

ಆದರೆ ನಿಮ್ಮ ಮೆಸೇಜನ್ನು ಇನ್ನೊಮ್ಮೆ ಓದಿ. 1872ರ ಕರಾರು ಕಾಯ್ದೆಯ 7ನೇ ಕಲಂ ಪ್ರಕಾರ ಒಪ್ಪಿಗೆ ಷರತ್ತಿಲ್ಲದೆ ಇರಬೇಕು. ಅವರು ದರ ಹೇಳಿದಾಗ ನೀವು ‘ಓಕೆ, ಆದರೆ ದುಡ್ಡು 15 ದಿನ ಬಿಟ್ಟು’ ಅಂದಿದ್ದರೆ ಅದು ಒಪ್ಪಿಗೆ ಅಲ್ಲ, ನಿಮ್ಮ ಕಡೆಯ ಹೊಸ ಪ್ರಸ್ತಾಪ. ಅದಕ್ಕೆ ಅವರು ಹೂಂ ಅಂದಿರಬೇಕು. ಖರೀದಿಯವರು ಜಾಸ್ತಿ ಎಡವುವುದು ಇಲ್ಲೇ.

ಕರಾರು ಆಗಿದ್ದರೆ ದರದ ವ್ಯತ್ಯಾಸ ಕೇಳಬಹುದು. ಉದಾಹರಣೆಗೆ, ಕ್ವಿಂಟಲ್‌ಗೆ 7,500 ರೂಪಾಯಿಗೆ 100 ಕ್ವಿಂಟಲ್ ಒಪ್ಪಿ, ಮಾಲು ಕೊಡಬೇಕಿದ್ದ ದಿನ ಮಾರುಕಟ್ಟೆ ದರ 8,000 ಇದ್ದರೆ 50,000 ರೂಪಾಯಿ. ಮಿಲ್ ನಿಂತ ನಷ್ಟ ಸಿಗುವುದು ಕಷ್ಟ. ಅದು ಸಿಗಬೇಕಾದರೆ, ಮಾಲು ಬರದಿದ್ದರೆ ಮಿಲ್ ನಿಲ್ಲಬಹುದು ಅಂತ ಕರಾರಿನ ಹೊತ್ತಿಗೇ ಅವರಿಗೆ ಗೊತ್ತಿರಬೇಕು. ನೀವೂ ನಷ್ಟ ಬೆಳೆಯಲು ಬಿಡದೆ ಬೇರೆ ಕಡೆ ಕೊಳ್ಳಬೇಕು. ಮಾಲು ಕೊಡಬೇಕಿದ್ದ ದಿನದ ಎಪಿಎಂಸಿ ದರಪಟ್ಟಿ, ಬಿಲ್, ಚಾಟ್ ಇಟ್ಟುಕೊಂಡು ವಕೀಲರಿಂದ ನೋಟಿಸ್ ಕೊಡಿಸಿ.